ಎಣಿಕೆ ಮುಗಿದ ಮೇಲೆ ಉಳಿಯುವ ಪ್ರಶ್ನೆ

2023ರ ಮೇ 13. ರಾಜ್ಯ ವಿಧಾನಸಭಾ ಚುನಾವಣೆಯ ಮತ ಎಣಿಕೆಯ ದಿನ. ಅರಸೀಕೆರೆ ಪೇಟೆಯಲ್ಲಿ ಪರಿಚಿತರೊಬ್ಬರ ಅಂಗಡಿಯಲ್ಲಿ ಕುಳಿತಿದ್ದೆ. ಅಸರ್ ನಮಾಝ್ ಮುಗಿಸಿ ಬಂದವರೆಲ್ಲ ಟಿ.ವಿ.ಯ ಮುಂದೆ ಸೇರಿದ್ದರು. ಯಾವ ಪಕ್ಷ ಅಧಿಕಾರಕ್ಕೆ ಬರುತ್ತದೆಂಬುದು ಆ ಹೊತ್ತಿಗಾಗಲೇ ಸ್ಪಷ್ಟವಾಗಿತ್ತು. ಆದರೆ ಒಳಗೆ ಬಂದ ಪ್ರತಿಯೊಬ್ಬರೂ ಕೇಳುತ್ತಿದ್ದ ಪ್ರಶ್ನೆ ಒಂದೇ ಆಗಿತ್ತು: "ನಮ್ಮವರು ಎಷ್ಟು ಮಂದಿ ಗೆದ್ದರು?"

ಒಂಬತ್ತು ಎಂದು ಹೇಳಿದಾಗ ಹಿರಿಯರೊಬ್ಬರು ನಿಟ್ಟುಸಿರು ಬಿಟ್ಟರು. "ಕಳೆದ ಸಲ ಏಳೇ ಇತ್ತಲ್ಲ, ಎರಡು ಹೆಚ್ಚಾಯಿತು" ಎಂದು ಯುವಕನೊಬ್ಬ ಸಮಾಧಾನ ಹೇಳಿದ. ಆಗ ನಾನೊಂದು ಪ್ರಶ್ನೆ ಕೇಳಿದೆ. "ನಮ್ಮ ಕ್ಷೇತ್ರದ ಶಾಸಕರು ಕಳೆದ ಐದು ವರ್ಷಗಳಲ್ಲಿ ಸದನದಲ್ಲಿ ಎತ್ತಿದ ಒಂದೇ ಒಂದು ಪ್ರಶ್ನೆ ಯಾರಿಗಾದರೂ ನೆನಪಿದೆಯೇ?" ಯಾರೂ ಉತ್ತರಿಸಲಿಲ್ಲ. ಪತ್ರಿಕಾ ವೃತ್ತಿಯಲ್ಲಿರುವ ನನಗೂ ಉತ್ತರ ಗೊತ್ತಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಎಣಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. 224 ಸ್ಥಾನಗಳ ವಿಧಾನಸಭೆಗೆ 2013ರಲ್ಲಿ 11, 2018ರಲ್ಲಿ 7, 2023ರಲ್ಲಿ 9 ಮಂದಿ ಮುಸ್ಲಿಮರು ಆಯ್ಕೆಯಾದರು. 2024ರ ನವೆಂಬರ್‌ನ ಉಪಚುನಾವಣೆಯಲ್ಲಿ ಶಿಗ್ಗಾವಿಯಿಂದ ಇನ್ನೊಬ್ಬರು ಸೇರಿಕೊಂಡರು. 2011ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆಯಲ್ಲಿ ಮುಸ್ಲಿಮರ ಪಾಲು ಶೇ. 12.92. ಆ ಲೆಕ್ಕದಲ್ಲಿ ಸುಮಾರು 29 ಮಂದಿ ಇರಬೇಕಾದ ಕಡೆ ಮೂರನೇ ಒಂದರಷ್ಟು ಮಂದಿ ಇದ್ದಾರೆ. ಟಿಕೆಟ್ ಹಂಚುವಾಗ ಪಕ್ಷಗಳು ತೋರುವ ಜಿಪುಣತನವನ್ನು ಪ್ರಶ್ನಿಸಲೇಬೇಕು. ಆದರೆ ಎಣಿಕೆಯು ಒಂದು ದಿನದ ಕೆಲಸ. ಮರುದಿನ ಬೆಳಗ್ಗೆಯಿಂದ ಆರಂಭವಾಗುವ ಐದು ವರ್ಷಗಳ ಬಗ್ಗೆ ನಮ್ಮಲ್ಲಿ ಯಾವ ಪ್ರಶ್ನೆಯಿದೆ?

ನಮ್ಮ ಭಾಗವನ್ನೇ ನೋಡೋಣ. ಅರಸೀಕೆರೆಯಿಂದ 2008, 2013, 2018 ಮತ್ತು 2023ರಲ್ಲಿ ಕೆ.ಎಂ. ಶಿವಲಿಂಗೇಗೌಡರು ಸತತವಾಗಿ ಗೆದ್ದರು. ಮೊದಲ ಮೂರು ಸಲ ಜಾತ್ಯತೀತ ಜನತಾದಳದಿಂದ, ನಾಲ್ಕನೇ ಸಲ ಕಾಂಗ್ರೆಸ್‌ನಿಂದ. ಹಳೇಬೀಡು, ಹುಲಿಕೆರೆಗಳ ಜನ ಮತ ಹಾಕುವ ಬೇಲೂರಿನಲ್ಲಿ 2008 ಮತ್ತು 2013ರಲ್ಲಿ ಕಾಂಗ್ರೆಸ್‌ನ ವೈ.ಎನ್. ರುದ್ರೇಶಗೌಡರು, 2018ರಲ್ಲಿ ಜನತಾದಳದ ಕೆ.ಎಸ್. ಲಿಂಗೇಶ್, 2023ರಲ್ಲಿ ಭಾರತೀಯ ಜನತಾ ಪಕ್ಷದ ಎಚ್.ಕೆ. ಸುರೇಶ್ ಆಯ್ಕೆಯಾದರು. ಈ ಎರಡು ಕ್ಷೇತ್ರಗಳಲ್ಲಿ ಮುಸ್ಲಿಮ್ ಅಭ್ಯರ್ಥಿಯೊಬ್ಬರು ಗೆಲ್ಲುವುದು ಸದ್ಯಕ್ಕೆ ಸುಲಭವಲ್ಲ. ಹಾಗಾದರೆ ಇಲ್ಲಿನ ಮುಸ್ಲಿಮ್ ಕುಟುಂಬಗಳಿಗೆ ಶಾಸಕರೇ ಇಲ್ಲವೆಂದು ಅರ್ಥವೇ? ಗೆದ್ದವರು ಯಾವ ಧರ್ಮದವರೇ ಆಗಲಿ, ಯಾವ ಪಕ್ಷದವರೇ ಆಗಲಿ, ನಾವು ಅವರಿಗೆ ಮತ ಹಾಕಿರಲಿ ಬಿಡಲಿ, ಅವರು ನಮ್ಮ ಶಾಸಕರು. ನಮ್ಮ ಪರವಾಗಿ ಮಾತನಾಡುವ ಹೊಣೆ ಅವರ ಮೇಲಿದೆ. ಆ ಹೊಣೆಯನ್ನು ಅವರಿಗೆ ನೆನಪಿಸುವ ಹೊಣೆ ನಮ್ಮ ಮೇಲಿದೆ.

ಶಾಸಕನ ಕೆಲಸವೇನು? ಕಾನೂನು ರಚಿಸುವುದು, ಸರಕಾರದ ಆಯವ್ಯಯಕ್ಕೆ ಒಪ್ಪಿಗೆ ಕೊಡುವುದು ಅಥವಾ ನಿರಾಕರಿಸುವುದು, ಮಂತ್ರಿಗಳನ್ನು ಪ್ರಶ್ನಿಸುವುದು. ಇದಕ್ಕಾಗಿ ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯಿದೆ, ಅದಕ್ಕೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು. ಚುಕ್ಕೆ ಗುರುತಿಲ್ಲದ ಪ್ರಶ್ನೆಯಿದೆ, ಅದಕ್ಕೆ ಲಿಖಿತ ಉತ್ತರ ಬರುತ್ತದೆ. ಶೂನ್ಯ ವೇಳೆಯಿದೆ, ಗಮನ ಸೆಳೆಯುವ ಸೂಚನೆಯಿದೆ. ಮಂತ್ರಿ ಕೊಟ್ಟ ಮಾತು ಈಡೇರಿತೇ ಎಂದು ನೋಡಲು ಭರವಸೆಗಳ ಸಮಿತಿಯಿದೆ, ಸಾಮಾನ್ಯ ಪ್ರಜೆಯ ಮನವಿಯನ್ನು ಪರಿಶೀಲಿಸಲು ಅರ್ಜಿಗಳ ಸಮಿತಿಯಿದೆ. ಹಿಂದುಳಿದ ವರ್ಗಗಳ ಮತ್ತು ಅಲ್ಪಸಂಖ್ಯಾತರ ಕಲ್ಯಾಣಕ್ಕೆಂದೇ ಪ್ರತ್ಯೇಕ ಸಮಿತಿಯಿದೆ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು 2005ರಲ್ಲಿ ಈ ರಾಜ್ಯವೇ ಕಾನೂನು ಮಾಡಿಕೊಂಡಿತು. ಆ ಗುರಿ ಎಷ್ಟೋ ವರ್ಷ ತಲುಪಲಿಲ್ಲ. ಅದಕ್ಕಾಗಿ ಯಾವ ಊರಿನಲ್ಲೂ ಯಾರೂ ಬೀದಿಗಿಳಿಯಲಿಲ್ಲ.

ನಾವು ಶಾಸಕರ ಬಳಿ ಕೇಳುವುದಾದರೂ ಏನನ್ನು? ಖಬರಸ್ತಾನಕ್ಕೊಂದು ಕಾಂಪೌಂಡ್ ಗೋಡೆ, ಶಾದಿಮಹಲ್‌ಗೊಂದಿಷ್ಟು ಅನುದಾನ, ಮಸೀದಿ ರಸ್ತೆಗೆ ಡಾಂಬರು, ರಮಝಾನ್‌ನಲ್ಲಿ ಇಫ್ತಾರ್ ಕೂಟಕ್ಕೆ ಅವರ ಹಾಜರಿ. ಗೋಡೆ ಬೇಕು, ರಸ್ತೆಯೂ ಬೇಕು. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯೆಂದು ವರ್ಷಕ್ಕೆ 2 ಕೋಟಿ ರೂಪಾಯಿ ನಿಗದಿಯಾಗಿರುವುದು ಇಂಥ ಕೆಲಸಗಳಿಗಾಗಿಯೇ. ಅದು ಸಾರ್ವಜನಿಕರ ಹಣ, ಯಾರ ಔದಾರ್ಯವೂ ಅಲ್ಲ. ಆದರೆ ಗೋಡೆ ಕಟ್ಟಿಸಿಕೊಟ್ಟವರಿಗೆ ಹಾರ ಹಾಕಿ ಕಳುಹಿಸಿದ ಮೇಲೆ ನಮ್ಮ ಮತ್ತು ಶಾಸಕರ ಸಂಬಂಧ ಮುಗಿಯಿತೆಂದು ನಾವೂ ತಿಳಿಯುತ್ತೇವೆ, ಅವರೂ ತಿಳಿಯುತ್ತಾರೆ. ನಷ್ಟದ ಆರಂಭ ಅಲ್ಲಿಯೇ.

ಈ ನಷ್ಟ ಎಷ್ಟು ದೊಡ್ಡದೆಂಬುದಕ್ಕೆ ಎರಡು ಉದಾಹರಣೆ ಸಾಕು. 2023ರ ಮಾರ್ಚ್‌ನಲ್ಲಿ ಅಂದಿನ ಬೊಮ್ಮಾಯಿ ಸರಕಾರವು ಹಿಂದುಳಿದ ವರ್ಗಗಳ 2ಬಿ ಪ್ರವರ್ಗದಲ್ಲಿ ಮುಸ್ಲಿಮರಿಗಿದ್ದ ಶೇ. 4ರ ಮೀಸಲಾತಿಯನ್ನು ರದ್ದುಗೊಳಿಸಿ, ಅದನ್ನು ತಲಾ ಶೇ. 2ರಂತೆ ಒಕ್ಕಲಿಗರಿಗೂ ಲಿಂಗಾಯತರಿಗೂ ಹಂಚುವ ನಿರ್ಧಾರ ಕೈಗೊಂಡಿತು. ಆಗ ಸದನ ಸೇರಿರಲಿಲ್ಲ, ಚುನಾವಣೆ ಬಾಗಿಲಲ್ಲಿತ್ತು. ಒಂದು ಇಡೀ ಸಮುದಾಯದ ಮಕ್ಕಳ ಶಿಕ್ಷಣ ಮತ್ತು ಉದ್ಯೋಗಕ್ಕೆ ಸಂಬಂಧಿಸಿದ ತೀರ್ಮಾನವು ಚರ್ಚೆಯೇ ಇಲ್ಲದೆ ಸಂಪುಟದ ಕೋಣೆಯಲ್ಲಿ ಮುಗಿದುಹೋಯಿತು. ವಿಷಯ ಸುಪ್ರೀಮ್ ಕೋರ್ಟಿಗೆ ಹೋದ ಮೇಲೆ ಸದ್ಯಕ್ಕೆ ಜಾರಿಗೊಳಿಸುವುದಿಲ್ಲವೆಂದು ಸರಕಾರ ಅಲ್ಲಿ ಒಪ್ಪಿಕೊಂಡಿತು.

ಎರಡನೆಯದು 2025ರ ಮಾರ್ಚ್‌ನದು. ಸರಕಾರಿ ಗುತ್ತಿಗೆಗಳಲ್ಲಿ 2ಬಿ ಪ್ರವರ್ಗಕ್ಕೆ ಶೇ. 4ರ ಮೀಸಲಾತಿ ನೀಡುವ ತಿದ್ದುಪಡಿ ಮಸೂದೆ ಈ ಸಲ ಸದನದ ಮುಂದೆಯೇ ಬಂತು. ಆದರೆ ಬೇರೊಂದು ವಿಷಯಕ್ಕೂ ಎದ್ದಿದ್ದ ಭಾರೀ ಗದ್ದಲದ ನಡುವೆ ಅದು ಅಂಗೀಕಾರವಾಯಿತು. ಅದೇ ದಿನ ವಿರೋಧ ಪಕ್ಷದ 18 ಶಾಸಕರ ಅಮಾನತೂ ಆಯಿತು. ಮುಂದೆ ರಾಜ್ಯಪಾಲರು ಮಸೂದೆಯನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾದಿರಿಸಿದರು. ಈ ಮಸೂದೆಯಿಂದ ಯಾರಿಗೆ ಪ್ರಯೋಜನ? ಇದರ ಆಧಾರವೇನು? ಸಣ್ಣ ಗುತ್ತಿಗೆದಾರನ ಸ್ಥಿತಿ ಇಂದು ಹೇಗಿದೆ? ಇವನ್ನೆಲ್ಲ ಅಂಕಿ-ಅಂಶಗಳೊಂದಿಗೆ ಶಾಂತವಾಗಿ ಮಂಡಿಸಿದ ಭಾಷಣವು ಕಲಾಪದ ದಾಖಲೆಯಲ್ಲಿ ಉಳಿಯಬೇಕಿತ್ತು. ಗದ್ದಲದಲ್ಲಿ ಸಿಕ್ಕಿದ್ದನ್ನು ಇನ್ನೊಂದು ಗದ್ದಲದಲ್ಲಿ ಕಳೆದುಕೊಳ್ಳುವುದು ಸುಲಭ. ವಾದದಿಂದ ಗಳಿಸಿದ್ದು ಬಾಳುತ್ತದೆ.

2ಬಿಯ ಇತಿಹಾಸದಲ್ಲೇ ನಮಗೆ ಇನ್ನೊಂದು ಪಾಠವಿದೆ. ಈ ಶೇ. 4ರ ವ್ಯವಸ್ಥೆ ಜಾರಿಗೆ ಬಂದದ್ದು 1995ರಲ್ಲಿ, ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾಗಿದ್ದಾಗ. ಅವರು ಇದೇ ಹಾಸನ ಜಿಲ್ಲೆಯ ಹೊಳೆನರಸೀಪುರದಿಂದ 1962ರಲ್ಲಿ ಪಕ್ಷೇತರರಾಗಿ ಗೆದ್ದು ವಿಧಾನಸಭೆಗೆ ಬಂದವರು. ಅವರ ಮತ್ತು ಅವರ ಪಕ್ಷದ ನಂತರದ ಹೆಜ್ಜೆಗಳ ಬಗ್ಗೆ ನಮಗೆ ಏನೇ ಅಸಮಾಧಾನವಿರಬಹುದು. ಆದರೂ ನಮ್ಮ ಮಕ್ಕಳು ಮೂರು ದಶಕಗಳಿಂದ ಪಡೆದ ಒಂದು ದೊಡ್ಡ ಪ್ರಯೋಜನ ನಮ್ಮವರಲ್ಲದ ಶಾಸಕರೊಬ್ಬರ ಸರಕಾರದಿಂದ ಬಂತೆಂಬುದು ನಿಜ. ಇದೇ ಜಿಲ್ಲೆಯ ಅರಕಲಗೂಡಿನ ಶಾಸಕರಾಗಿದ್ದ ಎ.ಟಿ. ರಾಮಸ್ವಾಮಿಯವರು 2006-07ರ ಅವಧಿಯಲ್ಲಿ ಬೆಂಗಳೂರಿನ ಸರಕಾರಿ ಭೂಮಿಯ ಒತ್ತುವರಿಯನ್ನು ತನಿಖೆ ಮಾಡಿದ ಜಂಟಿ ಸದನ ಸಮಿತಿಯ ಅಧ್ಯಕ್ಷರಾಗಿದ್ದರು. ಮಂತ್ರಿಯಾಗದೆ, ಒಂದು ಸಮಿತಿಯ ಪೀಠದಿಂದಲೇ, ರಾಜಧಾನಿಯ ಬಲಾಢ್ಯರು ಬೆಚ್ಚುವಂಥ ವರದಿಯನ್ನು ಅವರು ಸದನಕ್ಕೆ ಕೊಟ್ಟರು. ಶಾಸಕ ಸ್ಥಾನದ ಬಲ ಎಲ್ಲಿದೆಯೆಂಬುದು ತಿಳಿದಿದ್ದವರು ಮಾಡಬಹುದಾದ ಕೆಲಸವದು.

ಈಗ ಚುನಾವಣೆಗೆ ನಿಲ್ಲುವವರ ವಿಚಾರಕ್ಕೆ ಬರೋಣ. ವಿಧಾನಸಭೆಗೆ ಸ್ಪರ್ಧಿಸಲು 25 ವರ್ಷ ತುಂಬಿರಬೇಕು. ಠೇವಣಿ 10 ಸಾವಿರ ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅದರ ಅರ್ಧ. ಚಲಾಯಿತವಾದ ಸಿಂಧು ಮತಗಳಲ್ಲಿ ಆರನೇ ಒಂದರಷ್ಟೂ ಬಾರದಿದ್ದರೆ ಠೇವಣಿ ಮುಟ್ಟುಗೋಲು. ಆಸ್ತಿ, ಸಾಲ, ಕ್ರಿಮಿನಲ್ ಮೊಕದ್ದಮೆಗಳ ವಿವರವನ್ನು ಪ್ರಮಾಣಪತ್ರದಲ್ಲಿ ಘೋಷಿಸಬೇಕು. ಅಭ್ಯರ್ಥಿಯ ವೆಚ್ಚದ ಮಿತಿ ನಮ್ಮ ರಾಜ್ಯದಲ್ಲಿ 2022ರಿಂದ 40 ಲಕ್ಷ ರೂಪಾಯಿ. ಕಾಗದದ ಮೇಲೆ ಇಷ್ಟೇ. ನಿಜವಾಗಿ ಹರಿಯುವ ಹಣ ಎಷ್ಟೆಂಬುದು ಪ್ರತಿಯೊಬ್ಬ ಮತದಾರನಿಗೂ ಗೊತ್ತು, ಏಕೆಂದರೆ ಅದು ಹರಿದುಬರುವುದು ಅವನ ಮನೆಯ ಬಾಗಿಲಿಗೇ.

ಇಲ್ಲಿ ನಾವು ನಮ್ಮನ್ನೇ ಕಟುವಾಗಿ ಪ್ರಶ್ನಿಸಿಕೊಳ್ಳಬೇಕು. ಪ್ರತಿ ಚುನಾವಣೆಯಲ್ಲೂ ನಾಮಪತ್ರ ಸಲ್ಲಿಕೆಯ ಕೊನೆಯ ದಿನಗಳಲ್ಲಿ ಹಠಾತ್ತನೆ ಕಾಣಿಸಿಕೊಳ್ಳುವ ಕೆಲವರಿದ್ದಾರೆ. ಐದು ವರ್ಷ ಊರಿನ ಯಾವ ಕಷ್ಟದಲ್ಲೂ ಕಾಣದವರು ಅಂದು 'ಸಮುದಾಯದ ಮುಖಂಡ'ರಾಗುತ್ತಾರೆ. ನಾಮಪತ್ರ ಹಿಂಪಡೆಯುವ ದಿನ ಅವರಲ್ಲಿ ಕೆಲವರು ಮೌನವಾಗಿ ಮರೆಯಾಗುತ್ತಾರೆ. ಉಳಿದವರು ನೂರಿನ್ನೂರು ಮತ ಕಿತ್ತು, ಯಾರಿಗೆ ಅನುಕೂಲವಾಗಬೇಕೋ ಅವರಿಗೆ ಅನುಕೂಲ ಮಾಡಿಕೊಟ್ಟು, ಠೇವಣಿ ಕಳೆದುಕೊಳ್ಳುತ್ತಾರೆ. ನೋಟು ಪಡೆದು ಮತ ಹಾಕುವುದು ಎಂಥ ಪಾಪವೋ, ಸಮುದಾಯದ ಹೆಸರನ್ನು ಹರಾಜಿಗಿಡುವುದು ಅದಕ್ಕಿಂತ ಸಣ್ಣ ಪಾಪವಲ್ಲ.

ಧಾರ್ಮಿಕವಾಗಿ ಆಲೋಚಿಸುವ ಕೆಲವರು ಅಧಿಕಾರ ಬಯಸುವುದೇ ಸರಿಯಲ್ಲವೆಂದು ದೂರ ನಿಲ್ಲುತ್ತಾರೆ. ಹುದ್ದೆಯನ್ನು ಬೇಡಿ ಪಡೆಯಬೇಡಿರೆಂದು ಪ್ರವಾದಿವರ್ಯರು(ಸ) ತಮ್ಮ ಸಂಗಾತಿಗಳಿಗೆ ಎಚ್ಚರಿಕೆ ನೀಡಿದ್ದುಂಟು. ಅದೇ ವೇಳೆ, ಬರಗಾಲ ಬರಲಿದೆಯೆಂದು ತಿಳಿದಾಗ ನಾಡಿನ ಭಂಡಾರದ ಹೊಣೆಯನ್ನು ತನಗೆ ವಹಿಸಿರೆಂದು ಪ್ರವಾದಿ ಯೂಸುಫ್(ಅ) ಈಜಿಪ್ಟಿನ ಅರಸನ ಮುಂದೆ ತಾವಾಗಿ ಹೇಳಿದ ಪ್ರಸಂಗವೂ ಕುರ್‌ಆನಿನಲ್ಲಿದೆ. ಇವೆರಡರ ನಡುವೆ ವಿರೋಧವಿಲ್ಲ. ಗೌರವಕ್ಕಾಗಿ ಕುರ್ಚಿ ಬೇಡುವವನಿಗೆ ಎಚ್ಚರಿಕೆಯಿದೆ. ತನಗೆ ಬಲ್ಲ ಕೆಲಸದ ಹೊರೆ ಹೊರಲು ಮುಂದೆ ಬರುವವನಿಗೆ ಮಾದರಿಯಿದೆ. ಯೂಸುಫ್(ಅ) ಕಾಪಾಡಿದ ಧಾನ್ಯ ಇಡೀ ನಾಡಿನ ಹಸಿವು ನೀಗಿಸಿತು. ತನ್ನವರಿಗೆ ಮಾತ್ರ ಅಳೆದು ಕೊಡಲಿಲ್ಲ.

ಆ ಮಾದರಿಯನ್ನು ನಮ್ಮ ರಾಜ್ಯದಲ್ಲಿ ಹುಡುಕಿದರೆ ಮೊದಲು ನೆನಪಾಗುವ ಹೆಸರು ಅಬ್ದುಲ್ ನಝೀರ್ ಸಾಬ್ ಅವರದು. ಗುಂಡ್ಲುಪೇಟೆಯ ಅವರು ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿಯಾಗಿದ್ದರು. ಎಂಬತ್ತರ ದಶಕದ ಬರಗಾಲದಲ್ಲಿ ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು 'ನೀರ್ ಸಾಬ್' ಎಂದು ಕರೆದರು. ಆ ಹೆಸರಿಟ್ಟವರಲ್ಲಿ ಎಲ್ಲ ಜಾತಿ-ಧರ್ಮಗಳ ರೈತರೂ ಇದ್ದರು. ಆದರೆ ನೀರಿಗಿಂತ ದೊಡ್ಡ ಕೆಲಸವೊಂದನ್ನೂ ಅವರು ಮಾಡಿದರು. ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತುಗಳ 1983ರ ಕಾನೂನಿನ ಹಿಂದಿನ ಶಕ್ತಿ ಅವರೇ. ಅದರಂತೆ 1987ರ ಜನವರಿಯಲ್ಲಿ ಚುನಾವಣೆ ನಡೆದಾಗ ಶೇ. 25ರಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. ಸಂವಿಧಾನದ 73ನೇ ತಿದ್ದುಪಡಿ ಬಂದು ದೇಶಕ್ಕೆಲ್ಲ ಪಂಚಾಯತ್ ವ್ಯವಸ್ಥೆ ಕಡ್ಡಾಯವಾದದ್ದು ಇನ್ನೂ ಐದಾರು ವರ್ಷ ಕಳೆದ ಮೇಲೆ. 1988ರಲ್ಲಿ ನಝೀರ್ ಸಾಬ್ ತೀರಿಕೊಂಡರು. ಇಂದು ಕರ್ನಾಟಕದ ಗ್ರಾಮ ಪಂಚಾಯತುಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗಿದೆ. ವಿಧಾನಸೌಧಕ್ಕೆ ಹತ್ತುವ ಮೆಟ್ಟಿಲುಗಳಲ್ಲಿ ಮೊದಲನೆಯದನ್ನು ಪ್ರತಿ ಹಳ್ಳಿಯ ಬಾಗಿಲಲ್ಲಿ ಇಟ್ಟು ಹೋದವರು ನಮ್ಮವರೇ ಆದ ಒಬ್ಬ ಮಂತ್ರಿ.

ಆ ಮೆಟ್ಟಿಲನ್ನು ನಾವೇನು ಮಾಡಿದೆವು? ಇದಕ್ಕೆ ಉತ್ತರವಾಗಿ ಬೇರೆಯವರ ಕಥೆಯನ್ನಲ್ಲ, ನನ್ನದೇ ತಪ್ಪೊಂದನ್ನು ಹೇಳುತ್ತೇನೆ.

ನನ್ನ ಚಿಕ್ಕಮ್ಮನ ಮನೆಯಿರುವುದು ಹುಲಿಕೆರೆಗೆ ಸಮೀಪದ ಒಂದು ಹಳ್ಳಿಯಲ್ಲಿ. ಅವರ ಮಗಳು ಹಾಸನದಲ್ಲಿ ಓದಿ ಪದವಿ ಪಡೆದವಳು. ಊರಿಗೆ ಮರಳಿದ ಮೇಲೆ ಕೇರಿಯ ಹೆಂಗಸರಿಗೆ ರೇಷನ್ ಕಾರ್ಡಿನ ಅರ್ಜಿ, ವಿಧವಾ ವೇತನದ ಅರ್ಜಿ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಗಳನ್ನು ತುಂಬಿಕೊಡುತ್ತಿದ್ದಳು. ಬರೀ ನಮ್ಮವರಿಗಲ್ಲ, ಕೇಳಿಕೊಂಡು ಬಂದ ಎಲ್ಲರಿಗೂ. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯತ್ ಚುನಾವಣೆ ಬಂದಾಗ ಆಕೆಯ ವಾರ್ಡಿನ ಸ್ಥಾನ ಮಹಿಳೆಗೆ ಮೀಸಲಾಗಿತ್ತು. ನೆರೆಮನೆಯ ಒಕ್ಕಲಿಗ ಹೆಂಗಸರೇ ಬಂದು, "ನೀನು ನಿಂತ್ಕೊ ಕಣಮ್ಮ, ನಾವಿದ್ದೀವಿ" ಎಂದರು. ಮನೆಯಲ್ಲಿ ಚರ್ಚೆಯಾಯಿತು. ಮನೆಯ ಹೆಣ್ಣುಮಗಳ ಫೋಟೋ ಗೋಡೆಯ ಮೇಲೆ ಅಂಟುವುದು ಹಿರಿಯರಿಗೆ ಸರಿಬರಲಿಲ್ಲ. ಕೊನೆಗೆ ಚಿಕ್ಕಪ್ಪ ನನಗೆ ಫೋನ್ ಮಾಡಿದರು. "ನೀನು ಮದ್ರಸದಲ್ಲೂ ಓದಿದವನು, ಕಾಲೇಜಿನಲ್ಲೂ ಓದಿದವನು. ನೀನೇ ಹೇಳು ಬೇಟಾ, ಏನು ಮಾಡೋಣ?"

ಧರ್ಮದಲ್ಲಿ ಇದಕ್ಕೆ ಅಡ್ಡಿಯಿಲ್ಲವೆಂದು ನನಗೆ ಗೊತ್ತಿತ್ತು. ಮಾರುಕಟ್ಟೆಯ ವ್ಯವಹಾರಗಳ ಮೇಲ್ವಿಚಾರಣೆಯನ್ನು ಹಝ್ರತ್ ಉಮರ್(ರ) ಶಿಫಾ ಎಂಬ ವಿದ್ಯಾವಂತ ಮಹಿಳೆಗೆ ವಹಿಸಿದ್ದರೆಂಬ ಉಲ್ಲೇಖವನ್ನು ನಾನು ಓದಿದ್ದೆ. ಆದರೂ ಮನೆಯ ಶಾಂತಿ ಕೆಡುವುದೇಕೆಂದು, "ಈ ಸಲ ಬಿಡಿ, ಮುಂದೆ ನೋಡೋಣ" ಎಂದೆ. ಆಕೆ ಒಂದು ಮಾತೂ ಆಡಲಿಲ್ಲ.

ಕೆಲವು ತಿಂಗಳ ನಂತರ ಅಲ್ಲಿಗೆ ಹೋದಾಗ ಎಲ್ಲರೂ ಕೂಡಿ ಹುಲಿಕೆರೆಯ ಕಲ್ಯಾಣಿ ನೋಡಲು ಹೋಗಿದ್ದೆವು. ಹೊಯ್ಸಳರ ಕಾಲದ ಆ ಕಲ್ಲಿನ ಕೊಳದಲ್ಲಿ ಸುತ್ತಲೂ ಮೆಟ್ಟಿಲುಗಳು ಇಳಿದು ನೀರು ಮುಟ್ಟುತ್ತವೆ. ಆಕೆ ಮೇಲಿನ ಮೆಟ್ಟಿಲಲ್ಲಿ ಕುಳಿತು ನಿಧಾನವಾಗಿ ಹೇಳಿದಳು: "ಭಾಯ್, ಚುನಾವಣೆ ಆದಾಗಲೆಲ್ಲ ನೀವು ಬೆಂಗಳೂರಿನಲ್ಲಿ ನಮ್ಮವರು ಎಷ್ಟು ಜನ ಎಂದು ಬರೆಯುತ್ತೀರಿ. ನಮ್ಮ ಪಂಚಾಯತಿಯಲ್ಲಿ ಒಬ್ಬರೂ ಇಲ್ಲ. ಇದನ್ನೂ ಬರೆಯಿರಿ."

ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

2023ರಲ್ಲಿ ನಮ್ಮ ವಿಧಾನಸಭೆಗೆ ಆಯ್ಕೆಯಾದ ಮಹಿಳೆಯರು ಹತ್ತು ಮಂದಿ. ಅವರಲ್ಲಿ ಮುಸ್ಲಿಮ್ ಮಹಿಳೆ ಒಬ್ಬರೇ, ಗುಲ್ಬರ್ಗ ಉತ್ತರದ ಕನೀಝ್ ಫಾತಿಮಾ. ಪತಿ ಖಮರುಲ್ ಇಸ್ಲಾಮ್ ಅವರು 2017ರಲ್ಲಿ ನಿಧನರಾದ ಮೇಲೆ 2018ರಲ್ಲಿ ಸ್ಪರ್ಧಿಸಿ ಗೆದ್ದು, 2023ರಲ್ಲಿ ಮತ್ತೆ ಗೆದ್ದವರು. ಮನೆಯಲ್ಲೊಂದು ಸ್ಥಾನ ತೆರವಾದಾಗ ಮಾತ್ರ ನಮ್ಮ ಹೆಣ್ಣುಮಕ್ಕಳಿಗೆ ರಾಜಕೀಯದ ಬಾಗಿಲು ತೆರೆಯಬೇಕೇ? ಸಂವಿಧಾನದ 106ನೇ ತಿದ್ದುಪಡಿ 2023ರಲ್ಲಿ ಅಂಗೀಕಾರವಾಗಿದೆ. ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಯ ನಂತರ ವಿಧಾನಸಭೆಗಳಲ್ಲೂ ಮೂರನೇ ಒಂದು ಸ್ಥಾನ ಮಹಿಳೆಯರಿಗೆ ಮೀಸಲಾಗಬೇಕೆಂದು ಅದು ಹೇಳುತ್ತದೆ. ಆ ದಿನ ಬಂದಾಗ ಪಕ್ಷಗಳು ನಮ್ಮಲ್ಲಿ ಅಭ್ಯರ್ಥಿಗಳನ್ನು ಹುಡುಕಿದರೆ ನಾವು ಯಾರನ್ನು ತೋರಿಸುತ್ತೇವೆ? ಪಂಚಾಯತಿನ ಒಂದು ಸಭೆಯಲ್ಲೂ ಕುಳಿತು ಗೊತ್ತಿಲ್ಲದವರನ್ನೇ?

ಗೆಲುವು ಅಸಾಧ್ಯವೆಂಬ ಮಾತೂ ಪೂರ್ಣ ಸತ್ಯವಲ್ಲ. ರಾಮನಗರದಲ್ಲಿ 2018ರಲ್ಲಿ ಎಚ್.ಡಿ. ಕುಮಾರಸ್ವಾಮಿಯವರ ಎದುರು ಸೋತಿದ್ದ ಇಕ್ಬಾಲ್ ಹುಸೇನ್, 2023ರಲ್ಲಿ ಅದೇ ಕ್ಷೇತ್ರದಲ್ಲಿ ಮತ್ತೆ ನಿಂತು ಗೆದ್ದರು. ಅಲ್ಲಿ ಮುಸ್ಲಿಮರ ಮತದಿಂದ ಮಾತ್ರ ಯಾರೂ ಗೆಲ್ಲಲಾರರು. ಎಲ್ಲರ ಮತ ಬೇಕಾದರೆ ಎಲ್ಲರ ಕಷ್ಟದಲ್ಲಿರಬೇಕು. ಯಗಚಿಯ ನೀರನ್ನು ರಣಘಟ್ಟದಿಂದ ಹಳೇಬೀಡಿನ ದ್ವಾರಸಮುದ್ರ ಕೆರೆಗೆ ತರುವ ಯೋಜನೆಗಾಗಿ ಈ ಭಾಗದ ರೈತರು ವರ್ಷಗಟ್ಟಲೆ ಹೋರಾಡಿದರು. ಕೆರೆ ತುಂಬಿದರೆ ನಮ್ಮ ಕೊಳವೆಬಾವಿಗಳಿಗೂ ನೀರು ಬರುತ್ತದೆ. ಅಂಥ ಹೋರಾಟದ ಸಾಲಿನಲ್ಲಿ ನಮ್ಮ ಅಂಜುಮನ್‌ಗಳ ಜನ ಎಷ್ಟು ದಿನ ಕುಳಿತಿದ್ದರು ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಮತ ಕೇಳುವ ಅರ್ಹತೆ ಹುಟ್ಟುವುದು ಆ ಸಾಲಿನಲ್ಲಿ.

ಯು.ಟಿ. ಖಾದರ್ ಅವರು 2023ರ ಮೇ ತಿಂಗಳಲ್ಲಿ ವಿಧಾನಸಭಾಧ್ಯಕ್ಷರಾದಾಗ, ಈ ರಾಜ್ಯದಲ್ಲಿ ಆ ಪೀಠವೇರಿದ ಮೊದಲ ಮುಸ್ಲಿಮರೆಂದು ನಾವೆಲ್ಲ ಹೆಮ್ಮೆಪಟ್ಟೆವು. ಮಂತ್ರಿಗಿರಿ ಸಿಕ್ಕಿದ್ದರೆ ಸಮುದಾಯಕ್ಕೆ ಹೆಚ್ಚು ಪ್ರಯೋಜನವಾಗುತ್ತಿತ್ತೆಂದು ಕೊರಗಿದವರೂ ನಮ್ಮಲ್ಲಿದ್ದರು. ಆ ಪೀಠದಲ್ಲಿ ಕುಳಿತವರು ಯಾವ ಪಕ್ಷಕ್ಕೂ ಯಾವ ಸಮುದಾಯಕ್ಕೂ ಸೇರದೆ ಇಡೀ ಸದನಕ್ಕೆ ಸೇರಿದವರಾಗಬೇಕು. ನಮ್ಮವರೊಬ್ಬರು ಅದನ್ನು ನ್ಯಾಯವಾಗಿ ನಿಭಾಯಿಸಿದರೆ ಅದರಿಂದ ನಾಡಿಗೆ ಆಗುವ ಲಾಭ ದೊಡ್ಡದು, ಸಮುದಾಯದ ಲಾಭವೂ ಅದರೊಳಗೇ ಇದೆ.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿಯಿಷ್ಟೆ. ಮುಂದಿನ ಅಧಿವೇಶನಕ್ಕೆ ಮೊದಲು ನಿಮ್ಮ ಜಮಾಅತಿನ ನಾಲ್ಕು ಜನ ಕುಳಿತು, ಊರಿನ ಒಂದು ಸಮಸ್ಯೆಯನ್ನು, ಶಾಲೆಯದೋ ನೀರಿನದೋ ಆಸ್ಪತ್ರೆಯದೋ, ಪ್ರಶ್ನೆಯ ರೂಪದಲ್ಲಿ ಬರೆದು ಶಾಸಕರ ಕೈಗೆ ಕೊಡಿ. ಸದನದಲ್ಲಿ ಕೇಳಿರೆಂದು ವಿನಂತಿಸಿ. ಅಧಿವೇಶನ ಮುಗಿದ ಮೇಲೆ ಕೇಳಿದಿರಾ ಎಂದು ವಿಚಾರಿಸಿ, ಮಂತ್ರಿ ಕೊಟ್ಟ ಉತ್ತರವನ್ನು ಜುಮಾ ಮುಗಿದ ಮೇಲೆ ಜನರಿಗೆ ಓದಿ ಹೇಳಿ. ಅವರು ಯಾವ ಪಕ್ಷದವರೇ ಆಗಿರಲಿ, ಹೀಗೆ ಎರಡು ಸಲ ಮಾಡಿದರೆ ಮೂರನೇ ಸಲ ಅವರೇ ನಿಮ್ಮನ್ನು ಕೇಳಿಕೊಂಡು ಬರುತ್ತಾರೆ.

ಮತ್ತು ಪಂಚಾಯತ್ ಚುನಾವಣೆ ಬಂದಾಗ, ನಿಮ್ಮ ಮನೆಯಲ್ಲಿ ಅರ್ಜಿ ಬರೆದುಕೊಡುವ ಮಗನೋ ಮಗಳೋ ಇದ್ದರೆ, ನೆರೆಯವರು ಬಂದು ಅವರನ್ನು ನಿಲ್ಲಿಸಿರೆಂದು ಕೇಳಿದರೆ, ನಾನು ಕೊಟ್ಟಂಥ ಸಲಹೆಯನ್ನು ದಯವಿಟ್ಟು ಕೊಡಬೇಡಿ. ಮೊದಲ ಮೆಟ್ಟಿಲನ್ನು ನಾವೇ ಕಿತ್ತುಹಾಕಿ, ಮೇಲೆ ಎಷ್ಟು ಜನ ಇದ್ದಾರೆಂದು ಎಣಿಸುತ್ತ ಕೂರುವುದರಲ್ಲಿ ಅರ್ಥವಿಲ್ಲ.